ಮನೆಗೆ ತಂದ ದೊಡ್ಡ ಬೆಕ್ಕಿನ ದುರ್ನಡತೆಯೂ ಅದರ ಪರಿಹಾರವೂ

ವಿಜಯನಗರದಲ್ಲಿ ಇಲಿಗಳ ಕಾಟವು ಹೆಚ್ಚಿದಾಗ ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನೂ, ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದನೆಂದು ಹೇಳುವ ಕಥೆ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತಿರುವುದು. ತೆನಾಲಿ ರಾಮಕೃಷ್ಣನು ತನ್ನ ಪಾಲಿಗೆ ಬಂದ ಬೆಕ್ಕಿಗೆ ಮೊದಲನೆಯ ದಿನವೇ ಕುದಿಯುವ ಹಾಲನ್ನಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲನ್ನು ಕಂಡರೆ ಸಾಕು, ಓಡಿಹೋಗುತ್ತಿತ್ತು. ಹಾಲೆಲ್ಲವೂ ಮನೆಯವರಿಗೆ ಉಳಿಯಿತು. ಈ ಕಥೆಯನ್ನು ಕೇಳಿ ನಗುವವರು ರಾಮಕೃಷ್ಣನ ಜಾಣತನವನ್ನು ನೋಡುವರೇ ಹೊರತು ಬೆಕ್ಕಿನ ಕಡೆಗೆ ನೋಡುವುದಿಲ್ಲ. ಆದರೆ ಬೆಕ್ಕನ್ನು ಸಾಕುವ ರೈತನಿಗೆ ಇದರಲ್ಲಿ ಬೇರೊಂದು ಪಾಠವುಂಟು. ಹೊಸ ಮನೆಗೆ ಬಂದ ಬೆಕ್ಕು ಮೊದಲ ದಿನಗಳಲ್ಲಿ ಕಲಿತದ್ದನ್ನು ಬಹುಕಾಲ ಮರೆಯುವುದಿಲ್ಲ. ಅದು ಕೆಟ್ಟದ್ದನ್ನು ಕಲಿತರೆ, ಕಲಿಸಿದವರು ಬಹುಮಟ್ಟಿಗೆ ಮನೆಯವರೇ.

ಹಳ್ಳಿಗಳಲ್ಲಿ ದೊಡ್ಡ ಬೆಕ್ಕನ್ನು ಬೇರೆ ಮನೆಯಿಂದಲೋ ಬೇರೆ ಊರಿನಿಂದಲೋ ತರುವ ವಾಡಿಕೆ ಹೊಸದೇನಲ್ಲ. ತಂದ ಒಂದೆರಡು ವಾರಗಳಲ್ಲಿಯೇ ದೂರುಗಳು ಹುಟ್ಟಿಕೊಳ್ಳುವುವು. ಬೆಕ್ಕು ಓಡಿಹೋಯಿತು, ಧಾನ್ಯದ ರಾಶಿಯನ್ನು ಹೊಲಸುಮಾಡಿತು, ಕೋಳಿಮರಿಯನ್ನು ಹಿಡಿಯಿತು, ಮಗುವನ್ನು ಪರಚಿತು ಎಂಬಿವೇ ಅವು. ಕೊನೆಗೆ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುವುದೂ ಉಂಟು. ಉಗ್ರಾಣವು ಮತ್ತೆ ಇಲಿಗಳ ಪಾಲಾಗುವುದು. ಈ ದೂರುಗಳಲ್ಲಿ ಹೆಚ್ಚಿನವು ಪರಿಹಾರವಿಲ್ಲದವುಗಳಲ್ಲ. ಅವುಗಳ ಕಾರಣವನ್ನು ಹುಡುಕುವ ತಾಳ್ಮೆಯೊಂದು ಬೇಕು.

ದೊಡ್ಡ ಬೆಕ್ಕಿನಿಂದ ಆಗುವ ಉಪಯೋಗ

ಧಾನ್ಯವನ್ನು ಕೂಡಿಡಲು ಮನುಷ್ಯನು ಕಲಿತಂದಿನಿಂದ ಇಲಿಯೂ, ಇಲಿಯ ಹಿಂದೆ ಬೆಕ್ಕೂ ಅವನ ಬಳಿಗೆ ಬಂದವು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರವು ದೊರೆತ ಸಂಗತಿ ೨೦೦೪ರಲ್ಲಿ ಪ್ರಕಟವಾಯಿತು. ಮನೆಯ ಬೆಕ್ಕಿನ ಮೂಲವು ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನಾಡುಗಳ ಕಾಡುಬೆಕ್ಕೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಈ ಹುಟ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಬೆಕ್ಕಿನ ನಡತೆಯ ಅರ್ಧ ಭಾಗವು ತಾನಾಗಿ ತಿಳಿಯುವುದು.

ಮರಿಯನ್ನು ತರುವುದಕ್ಕಿಂತ ದೊಡ್ಡ ಬೆಕ್ಕನ್ನು ತರುವುದರಲ್ಲಿ ಒಂದು ಅನುಕೂಲವುಂಟು. ಮರಿಯು ಬೇಟೆಯನ್ನು ಕಲಿಯುವುದೋ ಇಲ್ಲವೋ, ಅದರ ಸ್ವಭಾವವು ಎಂತಹುದಾಗುವುದೋ ಮೊದಲೇ ಹೇಳಲಾಗುವುದಿಲ್ಲ. ದೊಡ್ಡ ಬೆಕ್ಕಾದರೆ ಇಲಿ ಹಿಡಿಯುವುದೇ, ಜನರ ಹತ್ತಿರ ಬರುವುದೇ, ಕೋಳಿಯ ತಂಟೆಗೆ ಹೋಗುವುದೇ ಎಂಬುದನ್ನು ಕೊಡುವ ಮನೆಯವರಿಂದಲೇ ತಿಳಿಯಬಹುದು. ಬೆಕ್ಕಿನ ಮರಿಯು ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿ ಬೆಳೆದಿದ್ದರೆ ಮುಂದೆ ಸಾಧುವಾಗಿರುವುದು. ಆ ಕಾಲದಲ್ಲಿ ಮನುಷ್ಯರ ಸಹವಾಸವಿಲ್ಲದೆ ಹುಲ್ಲಿನ ಮೆದೆಯಲ್ಲಿ ಬೆಳೆದ ಬೆಕ್ಕು ದೊಡ್ಡದಾದ ಮೇಲೆ ತೊಡೆಯ ಮೇಲೆ ಕೂರುವಂತಾಗುವುದು ಅಪರೂಪ. ಅಂಥದನ್ನು ಉಗ್ರಾಣಕ್ಕೂ ಕೊಟ್ಟಿಗೆಗೂ ಇಟ್ಟುಕೊಳ್ಳಬಹುದೇ ಹೊರತು ಮಕ್ಕಳಿರುವ ನಡುಮನೆಗೆ ಅದು ತಕ್ಕದ್ದಲ್ಲ. ಈ ಭೇದವನ್ನು ಮೊದಲೇ ತಿಳಿದು ಬೆಕ್ಕನ್ನು ಆರಿಸಿದರೆ ಮುಂದಿನ ತೊಂದರೆಗಳಲ್ಲಿ ಅನೇಕವು ಹುಟ್ಟುವುದೇ ಇಲ್ಲ.

ಬೆಕ್ಕಿನಿಂದ ಮಿತಿಮೀರಿ ನಿರೀಕ್ಷಿಸುವುದೂ ಸರಿಯಲ್ಲ. ಅದು ಸುಂಡಿಲಿಗಳನ್ನೂ ಇಲಿಯ ಮರಿಗಳನ್ನೂ ಚೆನ್ನಾಗಿ ಹಿಡಿಯುವುದು. ಬಲಿತ ಹೆಗ್ಗಣವನ್ನು ಎದುರಿಸಲು ಹೆಚ್ಚಿನ ಬೆಕ್ಕುಗಳು ಹಿಂಜರಿಯುವುವು. ಇಂಗ್ಲೆಂಡಿನ ಜೀವಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್ ಎಂಬವರು ಅಲ್ಲಿನ ರೈತರ ಹೊಲಮನೆಗಳಲ್ಲಿ ಈ ವಿಷಯವನ್ನು ವಿಚಾರಿಸಿ ೧೯೫೩ರಲ್ಲಿ ಪ್ರಕಟಿಸಿದರು. ಕಟ್ಟಡಗಳಲ್ಲಿರುವ ಇಲಿಗಳನ್ನು ಮೊದಲು ಬೇರೆ ಉಪಾಯಗಳಿಂದ ತೆಗೆದುಹಾಕಿ, ಅನಂತರ ಬೆಕ್ಕುಗಳಿಗೆ ಹಾಲು ಕೊಟ್ಟು ಹತ್ತಿರ ಇರಿಸಿಕೊಂಡರೆ ಇಲಿಗಳು ಮರಳಿ ಬಂದು ನೆಲೆಸುವುದಿಲ್ಲವೆಂದು ಅವರು ಕಂಡರು. ಬೆಕ್ಕು ಉಗ್ರಾಣದ ಕಾವಲುಗಾರನೆಂದು ತಿಳಿಯಬೇಕು. ಬಿಲಗಳನ್ನು ಮುಚ್ಚುವುದು, ಬಾಗಿಲ ಸಂದುಗಳಿಗೆ ತಗಡು ಹೊಡೆಯುವುದು, ಚೀಲಗಳನ್ನು ಹಲಗೆಯ ಮೇಲೆ ಗೋಡೆಯಿಂದ ದೂರವಾಗಿ ಇಡುವುದು ಇವು ಯಜಮಾನನ ಕೆಲಸಗಳು.

ಬೆಕ್ಕಿನ ಸ್ವಭಾವ

ನಾಯಿಯು ಯಜಮಾನನನ್ನು ಹಿಂಬಾಲಿಸಿ ಬರುವುದು. ಬೆಕ್ಕು ಜಾಗವನ್ನು ಹಿಡಿದು ನಿಲ್ಲುವುದು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ತನ್ನ ನೆಲದ ಮೂಲೆಮೂಲೆಯನ್ನೂ, ದಾರಿಗಳನ್ನೂ, ಅಡಗುವ ಸ್ಥಳಗಳನ್ನೂ ಅದು ವಾಸನೆಯಿಂದ ಗುರುತಿಟ್ಟುಕೊಂಡಿರುವುದು. ಆ ನೆಲದಿಂದ ಕಿತ್ತು ಬೇರೆಡೆಗೆ ತಂದರೆ ಅದಕ್ಕೆ ದಿಕ್ಕೇ ತಪ್ಪಿದಂತಾಗುವುದು. ಈ ಸ್ಥಿತಿಯಲ್ಲಿ ಅದು ತೋರುವ ಅಡಗುವಿಕೆ, ಕಚ್ಚುವಿಕೆ, ಓಟಗಳು ದುಷ್ಟತನದಿಂದ ಹುಟ್ಟಿದವುಗಳಲ್ಲ, ಭಯದಿಂದ ಹುಟ್ಟಿದವು.

ಇನ್ನೊಂದು ಸಂಗತಿಯನ್ನೂ ಮನಗಾಣಬೇಕು. ಹೊಡೆತದಿಂದ ಬೆಕ್ಕು ಬುದ್ಧಿ ಕಲಿಯುವುದಿಲ್ಲ. ಬೆಳಿಗ್ಗೆ ಮಾಡಿದ ತಪ್ಪಿಗೆ ಮಧ್ಯಾಹ್ನ ಹೊಡೆದರೆ ಆ ತಪ್ಪಿಗೂ ಹೊಡೆತಕ್ಕೂ ಇರುವ ಸಂಬಂಧವು ಅದಕ್ಕೆ ತಿಳಿಯದು. ಹೊಡೆದ ಕೈಯನ್ನೂ ಹೊಡೆದ ಜಾಗವನ್ನೂ ಮಾತ್ರ ಅದು ನೆನಪಿಟ್ಟುಕೊಳ್ಳುವುದು. ರಾಮಕೃಷ್ಣನ ಬೆಕ್ಕು ಹಾಲನ್ನು ಬಿಟ್ಟ ಹಾಗೆ, ಉಗ್ರಾಣದಲ್ಲಿ ಪೆಟ್ಟು ತಿಂದ ಬೆಕ್ಕು ಉಗ್ರಾಣವನ್ನೇ ಬಿಡುವುದು. ಅಲ್ಲಿಗೆ ಅದನ್ನು ತಂದ ಉದ್ದೇಶವೇ ಕೆಟ್ಟಂತಾಯಿತು.

ಮೊದಲನೆಯ ತಿಂಗಳು

ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ತರಬಾರದು. ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ, ಅದು ಮೊದಲು ಮಲಗುತ್ತಿದ್ದ ಬಟ್ಟೆಯೊಂದನ್ನು ಹಾಸಿ ತರುವುದು ಯುಕ್ತ. ಹಳೆಯ ಮನೆಯ ವಾಸನೆಯು ಜೊತೆಗಿದ್ದರೆ ಅದಕ್ಕೆ ಧೈರ್ಯವಿರುವುದು.

ತಂದ ಕೂಡಲೇ ಮನೆಯ ಮಧ್ಯದಲ್ಲಿ ಬಿಟ್ಟು ಮಕ್ಕಳನ್ನೂ ನೆರೆಯವರನ್ನೂ ಕರೆದು ತೋರಿಸುವುದು ದೊಡ್ಡ ತಪ್ಪು. ಉಗ್ರಾಣದ ಹತ್ತಿರವಿರುವ, ಕಿಟಕಿಗೆ ಜಾಲರಿಯುಳ್ಳ ಒಂದು ಚಿಕ್ಕ ಕೋಣೆಯನ್ನು ಅದಕ್ಕಾಗಿ ಬಿಡಿಸಬೇಕು. ಇಲಿಪಾಷಾಣವನ್ನಾಗಲಿ, ಗಿಡಗಳ ಔಷಧಗಳನ್ನಾಗಲಿ ಇಟ್ಟಿರುವ ಕೋಣೆಯು ಕೂಡದು. ಕೋಣೆಯ ಒಂದು ಮೂಲೆಯಲ್ಲಿ ಆಹಾರ ಮತ್ತು ನೀರು, ಎದುರು ಮೂಲೆಯಲ್ಲಿ ಮರಳನ್ನೋ ಸಡಿಲ ಮಣ್ಣನ್ನೋ ನಾಲ್ಕು ಬೆರಳು ಆಳಕ್ಕೆ ತುಂಬಿದ ಅಗಲವಾದ ಹಳೆಯ ಬಾಂಡಲಿ, ಅಡಗಿಕೊಳ್ಳಲು ಒಂದು ಮಗುಚಿದ ಬುಟ್ಟಿ ಅಥವಾ ಪೆಟ್ಟಿಗೆ, ಹತ್ತಿ ಕೂರಲು ಎತ್ತರದ ಹಲಗೆ ಇಷ್ಟಿದ್ದರೆ ಸಾಕು. ಆಹಾರವನ್ನೂ ಮರಳನ್ನೂ ಒಂದೇ ಕಡೆ ಇಡಬಾರದು. ಉಣ್ಣುವ ಜಾಗದಲ್ಲಿ ಬೆಕ್ಕು ಮಲವಿಸರ್ಜನೆ ಮಾಡಲು ಒಪ್ಪುವುದಿಲ್ಲ.

ಈ ಕೋಣೆಯಲ್ಲಿ ಬೆಕ್ಕನ್ನು ಮೂರು ನಾಲ್ಕು ವಾರಗಳ ಕಾಲ ಇರಿಸಬೇಕು. ಒಬ್ಬರೇ ದಿನಕ್ಕೆ ಎರಡು ಸಾರಿ ನಿಯತವಾದ ಹೊತ್ತಿನಲ್ಲಿ ತಟ್ಟೆಯನ್ನು ಬಡಿದು ಸದ್ದುಮಾಡಿ ಆಹಾರವಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಬರಬೇಕು. ಹಿಡಿಯಲು ಹೋಗಬಾರದು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು. ಬೆಕ್ಕು ತಾನಾಗಿ ಬಂದು ಕಾಲಿಗೆ ಮೈಯುಜ್ಜಿದ ದಿನ ಅದು ಆ ಮನೆಯನ್ನು ಒಪ್ಪಿದಂತೆ. ಆಮೇಲೆ ಒಂದು ಸಂಜೆ, ಊಟದ ಹೊತ್ತಿಗೆ ಮುಂಚೆ, ಹಸಿದಿರುವಾಗ ಬಾಗಿಲನ್ನು ತೆರೆದಿಟ್ಟು, ಅರ್ಧ ಗಂಟೆಯ ಮೇಲೆ ತಟ್ಟೆಯ ಸದ್ದು ಮಾಡಿದರೆ ಮರಳಿ ಬರುವುದು. ದಿನದಿನಕ್ಕೂ ಹೊರಗೆ ಬಿಡುವ ಕಾಲವನ್ನು ಹೆಚ್ಚಿಸುತ್ತಾ ಹೋಗಬೇಕು. ಬಂದ ಮೊದಲ ವಾರದಲ್ಲಿಯೇ ಬಿಟ್ಟ ಬೆಕ್ಕು ಹಳೆಯ ಮನೆಯನ್ನು ಹುಡುಕಿಕೊಂಡು ಹೊರಟು, ದಾರಿಯಲ್ಲಿ ನಾಯಿಗಳ ಬಾಯಿಗೋ ವಾಹನಗಳ ಚಕ್ರಕ್ಕೋ ಸಿಕ್ಕುವುದುಂಟು.

ಹೊಸ ಬೆಕ್ಕು ಮೊದಲ ದಿನ ಆಹಾರವನ್ನು ಮುಟ್ಟದಿದ್ದರೆ ಗಾಬರಿಯಾಗಬೇಕಾದುದಿಲ್ಲ. ಆದರೆ ಎರಡು ದಿನಗಳಾದರೂ ಏನನ್ನೂ ತಿನ್ನದಿದ್ದಲ್ಲಿ ಪಶುವೈದ್ಯರಿಗೆ ತೋರಿಸಬೇಕು. ಹಲವು ದಿನಗಳ ಉಪವಾಸದಿಂದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಕ್ಕೆ ಅಪಾಯವಾಗುವುದು.

ಧಾನ್ಯದ ರಾಶಿಯನ್ನು ಹೊಲಸುಮಾಡುವುದು

ರೈತನ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಕೋಪಕ್ಕೆ ಕಾರಣವಾದ ದುರ್ನಡತೆ ಇದು. ಒಂದು ಉದಾಹರಣೆಯನ್ನು ಭಾವಿಸಬಹುದು. ಮೈದಾನ ಸೀಮೆಯ ರೈತರೊಬ್ಬರು ಬೀಗರ ಊರಿನಿಂದ ಒಂದು ದೊಡ್ಡ ಹೆಣ್ಣುಬೆಕ್ಕನ್ನು ತಂದರು. ಸುಗ್ಗಿ ಮುಗಿದು, ರಾಗಿಯನ್ನು ಉಗ್ರಾಣದ ನೆಲದ ಮೇಲೆ ಸುರಿದಿತ್ತು. ಮೂರನೆಯ ವಾರದಲ್ಲಿ ಬೆಕ್ಕು ಆ ರಾಶಿಯ ಅಂಚನ್ನು ಕೆದಕಿ ಹೊಲಸುಮಾಡಿತು. “ಅನ್ನದ ರಾಶಿ ಕೆಡಿಸೋ ಪ್ರಾಣಿ ನಮಗೆ ಬೇಡಪ್ಪ” ಎಂದು ಯಜಮಾನರ ತಾಯಿಯವರು ಹೇಳಿದರು. ಯಜಮಾನರು ಬೆಕ್ಕಿಗೆ ಎರಡೇಟು ಹೊಡೆದರು. ಮರುದಿನ ಅದು ಅದೇ ರಾಶಿಯ ಹಿಂಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಮತ್ತೆ ಹಾಗೆಯೇ ಮಾಡಿತು. ಹೊಡೆತದಿಂದ ಅದು ಕಲಿತದ್ದು ಅಡಗಿ ಮಾಡುವುದನ್ನು ಮಾತ್ರ. ಮನೆಯಲ್ಲಿ ಗೋಣಿಚೀಲವು ಸಿದ್ಧವಾಯಿತು.

ಚೀಲವನ್ನು ಕಟ್ಟುವ ಮುಂಚೆ ಕಾರಣವನ್ನು ಹುಡುಕಿದರೆ ಏನು ಕಾಣುವುದು? ಮರಳಿನ ಬಾಂಡಲಿಯನ್ನು ಕೋಣೆಯಿಂದ ತೆಗೆದು ಹಿತ್ತಿಲ ಬಾಗಿಲಲ್ಲಿ, ನಾಯಿಯನ್ನು ಕಟ್ಟುವ ಗೂಟದ ಪಕ್ಕದಲ್ಲಿ ಇಟ್ಟಿದ್ದರು. ಮರಳನ್ನು ಐದಾರು ದಿನಗಳಿಂದ ಬದಲಾಯಿಸಿಯೂ ಇರಲಿಲ್ಲ. ನಾಯಿಗೆ ಹೆದರಿದ ಬೆಕ್ಕು ಅಲ್ಲಿಗೆ ಹೋಗಲಾರದೆ, ಕಾಲಿಗೆ ಮರಳಿನಂತೆಯೇ ಸಡಿಲವಾಗಿ ಸಿಕ್ಕಿದ ರಾಗಿಯ ರಾಶಿಯನ್ನು ಆರಿಸಿಕೊಂಡಿತು. ಕೆದಕಿ ಮುಚ್ಚುವುದು ಅದರ ಹುಟ್ಟುಗುಣ. ರಾಗಿಗೂ ಮರಳಿಗೂ ಇರುವ ಭೇದವು ಅದಕ್ಕೆ ತಿಳಿಯದು. ಬಾಂಡಲಿಯನ್ನು ಉಗ್ರಾಣದ ಮರೆಯ ಮೂಲೆಗೆ ತಂದು, ದಿನವೂ ಮಲವನ್ನು ತೆಗೆದು, ರಾಗಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ಈ ದುರ್ನಡತೆಯು ಕೆಲವು ದಿನಗಳಲ್ಲಿಯೇ ನಿಲ್ಲುವುದು. ಬೆಕ್ಕೂ ಉಳಿಯುವುದು, ರಾಗಿಯೂ ಉಳಿಯುವುದು. ಇಂತಹ ಮನೆಗಳಲ್ಲಿ ಕೆಟ್ಟದ್ದು ಬೆಕ್ಕಿನ ಗುಣವಲ್ಲ, ಬಾಂಡಲಿಯನ್ನಿಟ್ಟ ಜಾಗ.

ಹೊಲಸಾದ ಸ್ಥಳವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಬೇಕು. ವಾಸನೆಯು ಉಳಿದರೆ ಬೆಕ್ಕು ಮರಳಿ ಅಲ್ಲಿಗೇ ಬರುವುದು. ಫಿನಾಯಿಲನ್ನು ಬಳಸಬಾರದು, ಅದು ಬೆಕ್ಕಿಗೆ ವಿಷ. ಹೊಲಸು ತಾಕಿದ ಧಾನ್ಯವನ್ನು ಆಹಾರಕ್ಕೆ ಉಪಯೋಗಿಸಕೂಡದು. ಬೆಕ್ಕಿನ ಮಲದಿಂದ ಹರಡುವ ರೋಗವೊಂದು ಹೊಟ್ಟೆಯಲ್ಲಿರುವ ಶಿಶುವಿಗೆ ಕೇಡನ್ನುಂಟುಮಾಡುವುದರಿಂದ, ಗರ್ಭಿಣಿಯರು ಮರಳು ತೆಗೆಯುವ ಕೆಲಸವನ್ನು ಮಾಡಬಾರದು. ಉಳಿದವರೂ ಕೆಲಸದ ಬಳಿಕ ಕೈಗಳನ್ನು ಸೋಪಿನಿಂದ ತೊಳೆಯಬೇಕು.

ಮರಳಿನ ಮೇಲೆ ಕುಳಿತು ಮೂತ್ರಕ್ಕಾಗಿ ತಿಣುಕುತ್ತಾ ಕೂಗುವ ಗಂಡುಬೆಕ್ಕಿಗೆ ಮೂತ್ರದ ದಾರಿಯು ಕಟ್ಟಿರುವ ಸಂಭವವುಂಟು. ಇದು ದುರ್ನಡತೆಯಲ್ಲ, ರೋಗ. ಒಂದು ದಿನವೂ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯದಿದ್ದರೆ ಪ್ರಾಣಿಯು ಉಳಿಯುವುದು ಕಷ್ಟ.

ಗೋಡೆಗೆ ಮೂತ್ರ ಚಿಮ್ಮಿಸುವುದು, ರಾತ್ರಿ ಕೂಗುವುದು

ಗಂಡುಬೆಕ್ಕು ಬಾಲವನ್ನು ನೆಟ್ಟಗೆತ್ತಿ ಗೋಡೆಗೂ ಕಂಬಕ್ಕೂ ಮೂತ್ರವನ್ನು ಚಿಮ್ಮಿಸುವುದು ಮಲವಿಸರ್ಜನೆಯ ದೋಷವಲ್ಲ. ಇದು ತನ್ನ ಎಲ್ಲೆಯೆಂದು ಇತರ ಬೆಕ್ಕುಗಳಿಗೆ ಅದು ತಿಳಿಸುವ ರೀತಿ. ಹೆಣ್ಣುಬೆಕ್ಕು ಬೆದೆಗೆ ಬಂದಾಗ ಹಗಲೂ ರಾತ್ರಿಯೂ ಕೂಗುತ್ತಾ ಉರುಳಾಡುವುದು. ಎರಡಕ್ಕೂ ಸರಿಯಾದ ಪರಿಹಾರವು ಸಂತಾನಹರಣ ಶಸ್ತ್ರಚಿಕಿತ್ಸೆ. ಇದನ್ನು ಮಾಡಿಸಿದ ಗಂಡುಬೆಕ್ಕುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮೂತ್ರ ಚಿಮ್ಮಿಸುವುದನ್ನು ಬಿಡುವುವು. ಅಲೆದಾಟವೂ ಕಾದಾಟವೂ ಕಡಮೆಯಾಗುವುವು.

ಶಸ್ತ್ರಚಿಕಿತ್ಸೆಯಾದರೆ ಬೆಕ್ಕು ಸೋಮಾರಿಯಾಗಿ ಇಲಿ ಹಿಡಿಯುವುದಿಲ್ಲವೆಂಬ ನಂಬಿಕೆ ಕೆಲವರಲ್ಲುಂಟು. ಇದು ಸರಿಯಲ್ಲ. ಬೇಟೆಯ ಬುದ್ಧಿ ಬೇರೆ, ಬೆದೆಯ ಬುದ್ಧಿ ಬೇರೆ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬಂದು ಸುಮಾರು ಒಂಬತ್ತು ವಾರಗಳಲ್ಲಿ ಈಯುವುದು. ವರ್ಷಕ್ಕೆ ಎರಡು ಮೂರು ಸಾರಿಯಾದರೂ ಮರಿಹಾಕಬಲ್ಲದು. ಇಷ್ಟು ಮರಿಗಳನ್ನು ಸಾಕಲಾರದೆ ಬೀದಿಗೆ ಬಿಡುವುದಕ್ಕಿಂತ ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸುವುದು ಮೇಲು.

ಹಾಲು ಕದಿಯುವುದು, ಕೋಳಿಮರಿ ಹಿಡಿಯುವುದು

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂಬ ಗಾದೆಯಿದ್ದರೂ, ಹಾಲು ಅದಕ್ಕೆ ಪೂರ್ಣಾಹಾರವಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯು ಜೀರ್ಣವಾಗದೆ ಭೇದಿಯಾಗುವುದು. ಬೆಕ್ಕು ಮಾಂಸಾಹಾರಿಯಾದ ಪ್ರಾಣಿ. ಮಾಂಸ ಮತ್ತು ಮೀನುಗಳಲ್ಲಿರುವ ಟೌರಿನ್ ಎಂಬ ಸತ್ವವು ಸಾಲದಿದ್ದರೆ ಅದರ ಕಣ್ಣು ಕೆಡುವುದೆಂದು ೧೯೭೫ರಲ್ಲಿಯೂ, ಹೃದಯವು ದುರ್ಬಲವಾಗುವುದೆಂದು ೧೯೮೭ರಲ್ಲಿಯೂ ಅಮೆರಿಕದ ವಿದ್ವಾಂಸರು ತೋರಿಸಿಕೊಟ್ಟರು. ಬರಿಯ ಮುದ್ದೆಯ ಚೂರು, ಮಜ್ಜಿಗೆಯನ್ನಗಳಿಂದ ಬದುಕಬೇಕಾದ ಬೆಕ್ಕು ಅಡಿಗೆಮನೆಗೆ ನುಗ್ಗುವುದು ಸಹಜವೇ. ದಿನಕ್ಕೆ ಎರಡು ಹೊತ್ತು ಬೇಯಿಸಿದ ಮೀನು, ಮಾಂಸದ ತುಂಡು ಅಥವಾ ಕೋಳಿಯ ಒಳಭಾಗಗಳನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿಗಳಿಲ್ಲದೆ ಕೊಡಬೇಕು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತವನ್ನು ಕೆಡಿಸುವುವು. ಸಸ್ಯಾಹಾರಿಗಳ ಮನೆಯವರು ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಸಿದ್ಧ ಆಹಾರವನ್ನು ತರಬಹುದು.

ಹೊಟ್ಟೆ ತುಂಬ ಹಾಕಿದರೆ ಬೆಕ್ಕು ಇಲಿ ಹಿಡಿಯದೆಂದು ಹಸಿವಿನಲ್ಲಿಡುವವರು ಎರಡು ಬಗೆಯಿಂದ ನಷ್ಟಪಡುವರು. ಉಂಡ ಬೆಕ್ಕೂ ಇಲಿಯನ್ನು ಕಂಡರೆ ಹಿಡಿಯದೆ ಬಿಡದು. ಹಸಿದ ಬೆಕ್ಕಾದರೋ ಊಟ ಸಿಕ್ಕುವ ಬೇರೆ ಮನೆಯನ್ನು ಹುಡುಕಿಕೊಂಡು ಹೋಗುವುದು.

ಕೋಳಿಮರಿಗಳನ್ನು ಹೊಸ ಬೆಕ್ಕಿನ ಕಣ್ಣೆದುರಿಗೆ ಬಿಟ್ಟು ಪರೀಕ್ಷಿಸಬಾರದು. ಕಣ್ಣೆದುರಿಗೆ ಓಡುವ ಸಣ್ಣ ಪ್ರಾಣಿಯು ಬೆಕ್ಕಿಗೆ ಬೇಟೆಯೇ. ಮರಿಗಳು ಬಲಿಯುವವರೆಗೆ ಅವುಗಳನ್ನು ಜಾಲರಿಯ ಗೂಡಿನಲ್ಲಿಡುವುದೊಂದೇ ನಂಬಬಹುದಾದ ಉಪಾಯ. ಮರಿಗಳ ತಾಯಿಕೋಳಿಯು ಒಂದೆರಡು ಸಾರಿ ಅಟ್ಟಿಸಿಕೊಂಡು ಬಂದರೆ ಬೆಕ್ಕು ತಾನೇ ದೂರವಿರಲು ಕಲಿಯುವುದೂ ಉಂಟು.

ಪರಚುವುದು, ಕಚ್ಚುವುದು

ಬಾಗಿಲು ಚೌಕಟ್ಟನ್ನೂ ಚೀಲಗಳನ್ನೂ ಪರಚುವುದು ಉಗುರಿನ ಹಳೆಯ ಪೊರೆಯನ್ನು ಕಳಚಲು ಮತ್ತು ಗುರುತಿಡಲು. ಇದನ್ನು ನಿಲ್ಲಿಸಲಾಗದು, ಬೇರೆ ಕಡೆಗೆ ತಿರುಗಿಸಬಹುದು. ಎರಡು ಮೊಳಕ್ಕೆ ಕಡಮೆಯಿಲ್ಲದ ಒರಟು ಮರದ ತುಂಡನ್ನು, ಅಥವಾ ತೆಂಗಿನ ನಾರಿನ ಹಗ್ಗವನ್ನು ಒತ್ತಾಗಿ ಸುತ್ತಿದ ಗೂಟವನ್ನು ಅದು ಮಲಗುವ ಜಾಗದ ಹತ್ತಿರ ಅಲುಗಾಡದಂತೆ ನೆಟ್ಟರೆ ಅದನ್ನೇ ಪರಚುವುದು.

ಹೊಸ ಬೆಕ್ಕು ಕಚ್ಚುವುದು ಹೆಚ್ಚಾಗಿ ಮೂಲೆಗೆ ಸಿಕ್ಕಿಬಿದ್ದಾಗ. ಕಿವಿಗಳನ್ನು ಹಿಂದಕ್ಕೆ ಮಲಗಿಸಿ, ಬಾಲವನ್ನು ಅತ್ತಿತ್ತ ಬಡಿಯುತ್ತಿರುವ ಬೆಕ್ಕನ್ನು ಮುಟ್ಟಬಾರದೆಂದು ಮಕ್ಕಳಿಗೆ ಮೊದಲೇ ಕಲಿಸಬೇಕು. ಸಾಧುವಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮುನಿಯುವುದಾದರೆ ಅದಕ್ಕೆ ಎಲ್ಲಿಯೋ ನೋವಿರುವುದೆಂದು ತಿಳಿದು ವೈದ್ಯರಿಗೆ ತೋರಿಸಬೇಕು. ಕಾರಣವಿಲ್ಲದೆ ಮೈಮೇಲೆ ಬೀಳುವ, ಜೊಲ್ಲು ಸುರಿಸುವ, ನಡಿಗೆ ತಪ್ಪಿದ ಬೆಕ್ಕಿನ ಹತ್ತಿರ ಯಾರೂ ಹೋಗಕೂಡದು. ರೇಬೀಸ್ ಎಂಬ ಹುಚ್ಚುರೋಗವು ಬೆಕ್ಕಿನಿಂದಲೂ ಬರುವುದು.

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ೧೫ ನಿಮಿಷಗಳ ಕಾಲ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಹಚ್ಚಬಾರದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದಿನ ವಿಚಾರವನ್ನು ವೈದ್ಯರ ನಿರ್ಣಯಕ್ಕೆ ಬಿಡಬೇಕು. ಈ ರೋಗವು ತಲೆದೋರಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬಹುದು. ತಲೆದೋರುವ ಮುಂಚೆ ಚುಚ್ಚುಮದ್ದಿನಿಂದ ತಪ್ಪಿಸಬಹುದು. ಹೊಸದಾಗಿ ತಂದ ಬೆಕ್ಕಿಗೆ ಈ ಲಸಿಕೆಯನ್ನು ಹಾಕಿಸಿದೆಯೆಂಬ ನಿಶ್ಚಯವಿಲ್ಲದಿದ್ದರೆ ಮೊದಲನೆಯ ವಾರದಲ್ಲಿಯೇ ಹಾಕಿಸಬೇಕು.

ಮನೆಯ ಇತರ ಪ್ರಾಣಿಗಳೊಡನೆ ಜಗಳ

ಹಳೆಯ ಬೆಕ್ಕಿರುವ ಮನೆಗೆ ಹೊಸದನ್ನು ತಂದು ಎರಡನ್ನೂ ಎದುರುಬದುರು ಬಿಟ್ಟರೆ ಮೊದಲ ಜಗಳವೇ ಬಹುಕಾಲದ ಹಗೆಯಾಗುವುದು. ಮೊದಲು ಒಂದರ ಹಾಸಿಗೆಯ ಬಟ್ಟೆಯನ್ನು ಇನ್ನೊಂದರ ಜಾಗದಲ್ಲಿಟ್ಟು ವಾಸನೆಯ ಪರಿಚಯ ಮಾಡಿಸಬೇಕು. ಅನಂತರ ಮುಚ್ಚಿದ ಬಾಗಿಲಿನ ಎರಡು ಕಡೆಗಳಲ್ಲಿ ಊಟವಿಡಬೇಕು. ಕೊನೆಗೆ ಜಾಲರಿಯ ಮೂಲಕ ನೋಡಗೊಡಬೇಕು. ತಟ್ಟೆಗಳೂ ಮರಳಿನ ಬಾಂಡಲಿಗಳೂ ಬೇರೆಬೇರೆಯಾಗಿರಬೇಕು. ನಾಯಿಯನ್ನು ಮೊದಲ ಭೇಟಿಗಳಲ್ಲಿ ಕಟ್ಟಿಯೇ ಇಡಬೇಕು. ಬೆಕ್ಕಿಗೆ ಹತ್ತಿ ತಪ್ಪಿಸಿಕೊಳ್ಳಲು ಎತ್ತರದ ಜಾಗವಿರಬೇಕು.

ಮಾಡಕೂಡದ ಕೆಲವು ಸಂಗತಿಗಳು

ಬೆಕ್ಕಿರುವ ಮನೆಯಲ್ಲಿ ಇಲಿಪಾಷಾಣವನ್ನು ಇಡಬಾರದು. ಬ್ರೊಮಾಡಿಯೊಲೋನ್ ಮುಂತಾದ ಮದ್ದುಗಳನ್ನು ತಿಂದ ಇಲಿಯು ಕೂಡಲೆ ಸಾಯದೆ, ಜಡವಾಗಿ ಬೆಕ್ಕಿನ ಬಾಯಿಗೆ ಸುಲಭವಾಗಿ ಸಿಕ್ಕುವುದು. ಆ ವಿಷವು ಬೆಕ್ಕಿನ ರಕ್ತವು ಹೆಪ್ಪುಗಟ್ಟದಂತೆ ಮಾಡಿ ಅದನ್ನೂ ಕೊಲ್ಲುವುದು. ಪಾಷಾಣದಿಂದ ಇಲಿಗಳನ್ನು ತೆಗೆಯಬೇಕಾಗಿದ್ದರೆ ಬೆಕ್ಕನ್ನು ತರುವುದಕ್ಕೆ ಬಹಳ ಮುಂಚೆಯೇ ತೆಗೆದು, ಸತ್ತವುಗಳನ್ನು ಹೂಳಿ, ಉಳಿದ ಪಾಷಾಣವನ್ನು ಗುಡಿಸಿ ತೆಗೆದಿರಬೇಕು. ದನಗಳ ಉಣ್ಣೆಗೂ ನಾಯಿಯ ಚಿಗಟಕ್ಕೂ ಹಚ್ಚುವ ಪರ್ಮೆತ್ರಿನ್ ಮೊದಲಾದ ಔಷಧಗಳನ್ನು ಬೆಕ್ಕಿಗೆ ಹಚ್ಚಕೂಡದು. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಗುಳಿಗೆಯು ಒಂದಾದರೂ ಬೆಕ್ಕಿಗೆ ಪ್ರಾಣಾಂತಿಕ.

ಬೆಕ್ಕು ಸರಿಹೋಗದಿದ್ದರೆ ಕೊಟ್ಟವರಿಗೆ ಮರಳಿ ಕೊಡಬಹುದು, ಅಥವಾ ಕೊಟ್ಟಿಗೆಯಲ್ಲಿ ಸಾಕುವ ಬೇರೊಬ್ಬ ರೈತರಿಗೆ ಕೊಡಬಹುದು. ಚೀಲದಲ್ಲಿ ಕಟ್ಟಿ ಬಿಟ್ಟುಬರುವುದು ಮಾತ್ರ ಸಲ್ಲದು. ಅನ್ನನೀರಿಲ್ಲದೆ ನರಳುವಂತೆ ಪ್ರಾಣಿಯನ್ನು ತೊರೆಯುವುದು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಅದು ಪಾಪವೆಂಬ ಮಾತಂತೂ ಹಳ್ಳಿಯಲ್ಲಿ ಕಾಯಿದೆಗಿಂತ ಹಳೆಯದು.

ಮುಖಂಡರ ಕರ್ತವ್ಯ

ಒಂದು ಮನೆಯ ಇಲಿಯು ಗೋಡೆ ಹಾರಿ ಇನ್ನೊಂದು ಮನೆಗೆ ಹೋಗುವುದು. ಆದ್ದರಿಂದ ಈ ಕೆಲಸವು ಊರೆಲ್ಲವೂ ಸೇರಿ ಮಾಡತಕ್ಕದ್ದು. ಗ್ರಾಮದ ಮುಖಂಡರು ಮೊದಲು ತಮ್ಮ ಉಗ್ರಾಣದಲ್ಲಿಯೇ ಇದನ್ನು ಮಾಡಿ ತೋರಿಸಿದರೆ ಇತರರೂ ಅನುಸರಿಸುವರು. ಪಶುವೈದ್ಯರೊಡನೆ ಮಾತನಾಡಿ, ವರ್ಷಕ್ಕೊಮ್ಮೆ ಊರಿನ ನಾಯಿ ಬೆಕ್ಕುಗಳಿಗೆಲ್ಲ ರೇಬೀಸ್ ಲಸಿಕೆ ಹಾಕಿಸುವ ಒಂದು ದಿನವನ್ನು ಗೊತ್ತುಮಾಡುವುದೂ, ಸಂತಾನಹರಣ ಚಿಕಿತ್ಸೆಗೆ ಏರ್ಪಾಡು ಮಾಡಿಸುವುದೂ ಅವರಿಂದ ಸಾಧ್ಯವಾಗುವ ಕೆಲಸಗಳು. ಇಲಿಯ ಮೂತ್ರದಿಂದ ಇಲಿಜ್ವರವು ಹರಡುವುದನ್ನು ನೆನೆದರೆ ಇದು ಧಾನ್ಯದ ವಿಚಾರ ಮಾತ್ರವೇ ಅಲ್ಲವೆಂಬುದು ತಿಳಿಯುವುದು.

ಸಾರಾಂಶ

೧. ಬೆಕ್ಕನ್ನು ತರುವ ಮೊದಲು ಅದರ ಸ್ವಭಾವವನ್ನು ಕೊಡುವವರಿಂದ ವಿಚಾರಿಸಬೇಕು.

೨. ಮೂರು ನಾಲ್ಕು ವಾರಗಳವರೆಗೆ ಒಂದೇ ಕೋಣೆಯಲ್ಲಿರಿಸಿ, ನಿಯತ ಕಾಲಕ್ಕೆ ಆಹಾರ ಕೊಟ್ಟು, ಆಮೇಲೆ ಹಸಿದಿರುವ ಹೊತ್ತಿನಲ್ಲಿ ಹೊರಗೆ ಬಿಡಬೇಕು.

೩. ಮರಳಿನ ಬಾಂಡಲಿಯನ್ನು ಮರೆಯಾದ ಜಾಗದಲ್ಲಿಟ್ಟು ದಿನವೂ ಚೊಕ್ಕಟಮಾಡಬೇಕು. ಧಾನ್ಯವನ್ನು ರಾಶಿಯಾಗಿ ತೆರೆದಿಡಬಾರದು.

೪. ಹೊಟ್ಟೆತುಂಬ ಮಾಂಸಾಹಾರವನ್ನು ಕೊಡಬೇಕು; ಹಸಿವಿನಲ್ಲಿಡಬಾರದು.

೫. ಸಂತಾನಹರಣ ಚಿಕಿತ್ಸೆಯನ್ನೂ ರೇಬೀಸ್ ಲಸಿಕೆಯನ್ನೂ ಮಾಡಿಸಬೇಕು.

೬. ನಡತೆಯು ಇದ್ದಕ್ಕಿದ್ದಂತೆ ಬದಲಾದರೆ ರೋಗವೆಂದು ತಿಳಿದು ವೈದ್ಯರಿಗೆ ತೋರಿಸಬೇಕು.

೭. ಹೊಡೆಯಬಾರದು, ಕಾರಣವನ್ನು ಹುಡುಕಿ ತೆಗೆಯಬೇಕು.

ಇಷ್ಟನ್ನೂ ಮಾಡಲು ಖರ್ಚು ಸ್ವಲ್ಪ. ಬೇಕಾದದ್ದು ಒಂದು ತಿಂಗಳ ತಾಳ್ಮೆ. ಮೊದಲ ಬಟ್ಟಲಿನ ಹಾಲನ್ನು ಆರಿಸಿ ಇಟ್ಟ ಮನೆಯಲ್ಲಿ ಬೆಕ್ಕು ನಿಲ್ಲುವುದು. ಅದು ಕಣಜದ ಬಾಗಿಲಲ್ಲಿ ರಾತ್ರಿಯೆಲ್ಲ ಕಾವಲಿರುವಾಗ ಯಜಮಾನನು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.